ಬಿಳಿಬಾಲ ಬಂದ ವರ್ಷ

ನಿಯಾಜ್ ಊರು ಬಿಟ್ಟ ಮೇಲೆ ಬಾಲರಾಜು ವಾರಕ್ಕೊಂದು ಸಲವಾದರೂ ಏನಾದರೊಂದು ನೆವ ಹುಡುಕಿಕೊಂಡು ಚನ್ನಪಟ್ಟಣಕ್ಕೆ ಹೋಗುತ್ತಿದ್ದ. ಒಂದು ವಾರ ಅವರೆಕಾಯಿ, ಇನ್ನೊಂದು ವಾರ ಹೊಸ ರಾಗಿಯ ಹಿಟ್ಟು, ಏನೂ ಇಲ್ಲದ ದಿನ ಹಿತ್ತಲಿನ ಒಂದು ಕಟ್ಟು ದಂಟುಸೊಪ್ಪು. ಸೈಕಲ್ಲಿಗೆ ಚೀಲ ತೂಗುಹಾಕಿಕೊಂಡು ಗೊಂಬೆ ಕಡೆಯುವವರ ಬೀದಿಗೆ ಬಂದು ನಿಯಾಜನ ತಾಯಿ ಖುರ್ಷಿದಾಳ ಮನೆ ಮುಂದೆ ಇಳಿಯುವನು. ಆಕೆ ಬಾಗಿಲಲ್ಲಿ ಕೂತು ಮರದ ಮಣಿಗಳನ್ನು ದಾರಕ್ಕೆ ಪೋಣಿಸುತ್ತಿರುವಳು. ಚೀಲ ಈಸಿಕೊಂಡು ಒಳಗಿಟ್ಟು ಬಂದು ಮತ್ತೆ ಮಣಿಗಳಿಗೇ ಕೈ ಹಾಕುವಳು.

"ಫೋನ್ ಬಂದಿತ್ತಾ ಅಮ್ಮ?"

"ಬಂದಿತ್ತು. ಚೆನ್ನಾಗವ್ನಂತೆ."

"ಎಲ್ಲವ್ನಂತೆ?"

"ಅದು ಹೇಳ್ಬೇಡ ಅಂದವ್ನೆ ಬೇಟಾ. ನನಗೆ ಸುಳ್ಳು ಹೇಳಕ್ಕೆ ಬರಲ್ಲ. ಅದಕ್ಕೆ ನೀನು ಕೇಳ್ಬೇಡ."

ಅವನು ಕೇಳುತ್ತಿರಲಿಲ್ಲ. ಆದರೆ ಮುಂದಿನ ವಾರ ಮತ್ತೆ ಕೇಳುತ್ತಿದ್ದ.

ಇಬ್ಬರ ಗೆಳೆತನ ಶುರುವಾದದ್ದು ರೈಲಿನಲ್ಲಿ. ಬಿಡದಿಯಲ್ಲಿ ಒಂದರ ಪಕ್ಕ ಒಂದು ಕಾರ್ಖಾನೆ ಏಳುತ್ತಿದ್ದ ಕಾಲ. ಬೆಳಗಿನ ರೈಲಿಗೆ ಚನ್ನಪಟ್ಟಣದಲ್ಲಿ ಹತ್ತಿದರೆ ನಿಲ್ಲುವುದಕ್ಕೂ ಜಾಗವಿರುತ್ತಿರಲಿಲ್ಲ. ಬಾಗಿಲ ಕಂಬಿಗೆ ಜೋತುಬಿದ್ದ ಇಬ್ಬರು ಹುಡುಗರಿಗೆ ತಾವು ಒಂದೇ ವರ್ಕ್‌ಶಾಪಿನಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಹೋಗುತ್ತಿರುವವರೆಂದು ಬಿಡದಿಯಲ್ಲಿ ಇಳಿದ ಮೇಲೆ ಗೊತ್ತಾಯಿತು. ಆವತ್ತಿನಿಂದ ಆರು ವರ್ಷ ಜೊತೆಯಲ್ಲೇ ತಟ್ಟೆ ಇಡ್ಲಿ ತಿಂದರು, ಜೊತೆಯಲ್ಲೇ ಬೈಸಿಕೊಂಡರು. ಹೊಸ ಮಿಷನ್ ಬಂದು ಇಪ್ಪತ್ತು ಜನ ಬೇಡವಾದಾಗ ಒಂದೇ ದಿನ ಮನೆಗೆ ಬಂದರು.

ಬಾಲರಾಜುವಿನ ಊರು ಕೆಂಚನದೊಡ್ಡಿ, ಚನ್ನಪಟ್ಟಣದಾಚೆ ಕಣ್ವ ನಾಲೆಯ ಕೆಳಗೆ. ಅವನ ಅಪ್ಪ ಬದುಕಿದ್ದಾಗ ಮನೆ ಹಿಂದಿನ ಹೊಲದ ಮಣ್ಣನ್ನು ಇಟ್ಟಿಗೆ ಗೂಡಿನವರಿಗೆ ತೋಡಿಕೊಳ್ಳಲು ಬಿಟ್ಟಿದ್ದ. ಬಿಡದಿಯ ಕಟ್ಟಡಗಳಿಗೆಂದು ಲಾರಿ ಮೇಲೆ ಲಾರಿ ಮಣ್ಣು ಹೋಯಿತು. "ಅಲ್ಲಿ ಯಾವ ಗೋಡೇಲಿ ನಮ್ಮ ಹೊಲ ನಿಂತೈತೋ" ಎಂದು ಆಮೇಲಾಮೇಲೆ ಅಪ್ಪ ಹೇಳುತ್ತಿದ್ದ. ಹೊಲವಿದ್ದ ಕಡೆ ಎರಡಾಳುದ್ದದ ಗುಂಡಿ ಉಳಿಯಿತು. ನಾಲೆಯ ಬಸಿ ನೀರು ತುಂಬಿಕೊಂಡು ಜೊಂಡು ಬೆಳೆಯಿತು. ಎಮ್ಮೆ ಕೂಡ ಇಳಿಯಲು ಹೆದರುತ್ತಿದ್ದ ಆ ಗುಂಡಿಯ ದಡದಲ್ಲಿ ನಿಂತು ನಿಯಾಜ್ ಒಂದು ದಿನ, "ಲೇ ಬಾಲೂ, ಇದು ಗುಂಡಿಯಲ್ಲ ಕಣ್ಲಾ, ಕೊಳ" ಅಂದ.

ಅವನ ಚಾಚಾ ಒಬ್ಬರು ಕುಮಟಾ ಕಡೆ, ಹೊಳೆ ಸಮುದ್ರ ಸೇರುವಲ್ಲಿ ಸಿಗಡಿ ಮರಿ ಮಾಡುವ ಕೇಂದ್ರದಲ್ಲಿದ್ದರು. ಸಿಹಿನೀರಲ್ಲಿ ಬೆಳೆಯುವ ದೊಡ್ಡ ಸಿಗಡಿಯೊಂದಿದೆ, ಆದರೆ ಅದರ ಮರಿಗೆ ಮಾತ್ರ ಉಪ್ಪುನೀರು ಬೇಕು. ಬಸುರಿ ಸಿಗಡಿ ಹೊಳೆಗುಂಟ ಸಮುದ್ರದ ಬಾಯಿವರೆಗೆ ಇಳಿದು ಹೋಗುತ್ತದೆ, ಮರಿಗಳು ಒಸಿ ಬಲಿತ ಮೇಲೆ ಹೊಳೆ ಹತ್ತಿ ಬರುತ್ತವೆ. ಈಗ ದಾರಿಯುದ್ದಕ್ಕೂ ಅಣೆಕಟ್ಟು. ಅದಕ್ಕೇ ಅಲ್ಲಿ ಮರಿ ಮಾಡಿ ಚೀಲಕ್ಕೆ ತುಂಬಿ ಇಲ್ಲಿಗೆ ಕಳಿಸುತ್ತಾರೆ. ಹೀಗೆ ನಿಯಾಜ್ ವಿವರಿಸಿದಾಗ ಬಾಲರಾಜುವಿನ ತಾಯಿ ಅಂಬುಜಮ್ಮ, "ಅಯ್ಯೋ ಪಾಪ, ಹೆರಿಗೆಗೆ ಅಷ್ಟು ದೂರ ನಡೀತವಾ" ಎಂದಳೇ ಹೊರತು ಬೇಡ ಎನ್ನಲಿಲ್ಲ.

ಮೊದಲ ವರ್ಷ ಮರಿ ಸಿಕ್ಕಿದ್ದು ಆಂಧ್ರದ ಏಜೆಂಟನ ಕೈಯಿಂದ. ಬಿಟ್ಟ ಹೊಸದರಲ್ಲಿ ಒಂದಷ್ಟು ಸತ್ತವು, ಯಾಕೆಂದು ಇಬ್ಬರಿಗೂ ತಿಳಿಯಲಿಲ್ಲ. ಉಳಿದವು ಚೆನ್ನಾಗಿ ಬೆಳೆದವು. ಚಳಿಗಾಲದ ಹೊತ್ತಿಗೆ ಗಂಡು ಸಿಗಡಿಗಳ ಕೊಂಡಿ ಗೇಣುದ್ದ ಚಾಚಿ, ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿತು. ಸಂಜೆ ತೌಡಿನ ಉಂಡೆ ಹಾಕುವಾಗ ಅವು ಕೊಳದ ಮೆಟ್ಟಿಲ ಹತ್ತಿರ ಬಂದು, ನೀರೊಳಗಿಂದ ಕಣ್ಣು ಎತ್ತಿ ನೋಡುತ್ತಿದ್ದವು. ಇಬ್ಬರೂ ದಡದ ಮೇಲೆ ಕೂತು ಕತ್ತಲಾಗುವವರೆಗೂ ಮಾತಾಡುವರು. ಮಾತೆಲ್ಲ ಬಿಡದಿಯ ಹಳೆಯ ಸೂಪರ್‌ವೈಸರನ ಬಗ್ಗೆ, ನಿಯಾಜನಿಗೆ ತಾಯಿ ನೋಡುತ್ತಿದ್ದ ಹೆಣ್ಣುಗಳ ಬಗ್ಗೆ. ಬಾಲರಾಜುವಿನ ಹೆಂಡತಿ ಶ್ವೇತ ಎರಡು ಸಲ ಕೂಗಿದ ಮೇಲೆ ಊಟಕ್ಕೆ ಏಳುವರು. ನಿಯಾಜನ ತಟ್ಟೆ ಆ ಮನೆಯಲ್ಲಿ ಬೇರೆ ಇರಲಿಲ್ಲ. ಇತ್ತೆಂದು ಯಾರಾದರೂ ಅಂದಿದ್ದರೆ ಬಾಲರಾಜು ಜಗಳಕ್ಕೇ ಹೋಗುತ್ತಿದ್ದ.

ಇವರ ಕೊಳ ನೋಡಿ ಮೊದಲು ನಕ್ಕ ಬಾಲರಾಜುವಿನ ದೊಡ್ಡಪ್ಪ ಸಿದ್ದಯ್ಯ ಎರಡನೇ ವರ್ಷಕ್ಕೆ ತಾನೂ ಪಕ್ಕದ ಗುಂಡಿ ಹಸನು ಮಾಡಿಸಿದ. ಇವರ ಕೊಳದ ಹೆಚ್ಚುವರಿ ನೀರು ಅವನದಕ್ಕೆ ಇಳಿಯುತ್ತಿತ್ತು.

ಹೊಸ ಮರಿ ಬಿಡುವ ಮೊದಲು ನಿಯಾಜ್ ಒಂದೇ ಮಾತನ್ನು ನಾಲ್ಕು ಸಲ ಹೇಳಿದ್ದ: "ಹಳೇದು ಒಂದೂ ಇರಬಾರದು ಕಣ್ಲಾ. ನೀರು ಪೂರಾ ಬಸ್ದು, ತಳ ಬಿರುಕು ಬಿಡೋವರ್ಗೂ ಒಣಗಿಸಿ, ಸುಣ್ಣ ಹಾಕು. ನಾನು ಮರಿ ತರಕ್ಕೆ ಹೋಗಿ ಬತ್ತೀನಿ."

ಬಾಲರಾಜು ಬಸಿದ, ಒಣಗಿಸಿದ, ಸುಣ್ಣವನ್ನೂ ಹಾಕಿದ. ಆದರೆ ಹತ್ತು ಹನ್ನೆರಡು ದೊಡ್ಡ ಸಿಗಡಿಗಳನ್ನು ಮಾರಲು ಅವನಿಗೆ ಮನಸ್ಸು ಬರಲಿಲ್ಲ. ಸಂಜೆ ಮೆಟ್ಟಿಲಿಗೆ ಬರುತ್ತಿದ್ದವು ಇವೇ. ಅವನ್ನು ಹಿತ್ತಲ ತೊಟ್ಟಿಯಲ್ಲಿಟ್ಟಿದ್ದು, ಕೊಳಕ್ಕೆ ಹೊಸ ನೀರು ಬಿಟ್ಟ ಮೇಲೆ ಬಲೆಯ ಗೂಡೊಂದರಲ್ಲಿ ಹಾಕಿ, ಹೊಂಗೆಯ ನೆರಳಿನ ಮೂಲೆಯಲ್ಲಿ ಹಗ್ಗ ಕಟ್ಟಿ ಮುಳುಗಿಸಿದ. ಆರೋಗ್ಯವಾಗಿ ಮಿರಮಿರ ಮಿಂಚುತ್ತಿದ್ದವು. ನಿಯಾಜನಿಗೆ ಆಮೇಲೆ ತೋರಿಸಿದರಾಯಿತು ಅಂದುಕೊಂಡ.

ಎರಡು ಸಾವಿರದ ನಾಲ್ಕರ ಜೂನ್‌ನಲ್ಲಿ ನಿಯಾಜ್ ತಾನೇ ಕರಾವಳಿಗೆ ಹೋಗಿ, ಮರಿ ತುಂಬಿದ ಚೀಲಗಳ ಜೊತೆ ವ್ಯಾನಿನ ಹಿಂಭಾಗದಲ್ಲಿ ಕೂತು ಘಾಟಿ ಹತ್ತಿ ಬಂದ. ಚೀಲಗಳನ್ನು ಹಾಗೇ ನೀರಮೇಲೆ ತೇಲಿಬಿಟ್ಟು, ಒಳಗಿನ ನೀರು ಹೊರಗಿನ ನೀರಿನಷ್ಟೇ ಬೆಚ್ಚಗಾಗುವವರೆಗೂ ಕಾದು, ಒಂದೊಂದಾಗಿ ಬಾಯಿ ಬಿಚ್ಚಿದ. ಒಂದಷ್ಟು ಚೀಲ ಸಿದ್ದಯ್ಯನ ಕೊಳಕ್ಕೂ ಹೋದವು. ಪ್ರತಿ ಚೀಲದಿಂದ ನಾಲ್ಕಾರು ಮರಿ ತೆಗೆದು ಸ್ಪಿರಿಟ್ ತುಂಬಿದ ಸಣ್ಣ ಸೀಸೆಗೆ ಹಾಕಿಕೊಂಡ. "ಅದ್ಯಾಕ್ಲಾ?" ಅಂದರೆ, "ಚಾಚಾ ಹೇಳವ್ರೆ, ಇಟ್ಕಂಡಿರು ಅಂತ" ಅಂದ.

ಮರಿ ಬಿಟ್ಟ ಮೂರನೇ ವಾರ ಒಂದು ಬೆಳಿಗ್ಗೆ ಬಾಲರಾಜು ಬಲೆ ಎಳೆದಾಗ ಮರಿಗಳ ಬಾಲ ಬೆಳ್ಳಗಾಗಿತ್ತು. ಗಾಜಿನಂತೆ ಆಚೆ ಬದಿ ಕಾಣಬೇಕಾದ ಮೈ ಬೇಯಿಸಿದ ಹಾಗೆ ಕಂಡಿತು. ಮಧ್ಯಾಹ್ನದ ಹೊತ್ತಿಗೆ ಬಿಳುಪು ಬಾಲದಿಂದ ನಡುವಿಗೆ ಏರಿತ್ತು. ಮಾರನೇ ದಿನ ಗಾಳಿಯ ಕಡೆಯ ದಡದಲ್ಲೆಲ್ಲ ಅನ್ನ ಚೆಲ್ಲಿದಂತೆ ಮರಿಗಳು ಬಿದ್ದಿದ್ದವು. ನಾಲ್ಕನೇ ದಿನ ಸಿದ್ದಯ್ಯನ ಕೊಳದಲ್ಲೂ ಅದೇ.

ಸಿದ್ದಯ್ಯ ಬಂದ. ಅವನ ಹಿಂದೆ ಊರಿನ ಹತ್ತೆಂಟು ಜನ ಬಂದರು. ನಿಯಾಜ್ ಆಗ ಹೊಂಗೆಯ ಬುಡದಲ್ಲಿ, ನೀರಿಗಿಳಿದ ಹಗ್ಗವನ್ನು ಹಿಡಿದು ನಿಂತಿದ್ದ. ಬಾಲರಾಜುವಿಗೆ ಅದು ಕಂಡಿತು. ಬಲೆಯ ಗೂಡು ಅರ್ಧ ಮೇಲಕ್ಕೆ ಬಂದಿತ್ತು, ಒಳಗೆ ನೀಲಿ ಕೊಂಡಿಗಳು ಅಲುಗುತ್ತಿದ್ದವು.

"ಎಲ್ಲಿಂದ ತಂದ್ರಲಾ ಈ ಮರೀನ?" ಸಿದ್ದಯ್ಯ ಕೇಳಿದ. ಅವನು ಕೇಳಿದ್ದು ಬಾಲರಾಜುವನ್ನು.

ಜನರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಆ ನೋಟ ಅವನ ಮೇಲಿಂದ ಸರಿದು ಹೋದರೆ ಸಾಕಿತ್ತು.

"ನನ್ನ ಕೇಳಿದ್ರೆ? ತಂದೋನು ಅಲ್ಲವ್ನೆ," ಅಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಮ್ಮೋನಾಗಿದ್ರೆ ನೋಡ್ಕಂಡ್ ತತ್ತಿದ್ದ."

ಜನರ ನೋಟ ನಿಯಾಜನ ಕಡೆ ಸರಿಯಿತು. ನಿಯಾಜ್ ಗೆಳೆಯನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಹಗ್ಗವನ್ನು ಮೆಲ್ಲಗೆ ಸಡಿಲ ಬಿಟ್ಟ. ಗೂಡು ಮತ್ತೆ ನೀರಿನಲ್ಲಿ ಮುಳುಗಿತು.

ಎರಡು ದಿನ ನಿಯಾಜ್ ಒಬ್ಬನೇ ಎರಡೂ ಕೊಳ ಬಸಿದು, ಸತ್ತದ್ದನ್ನೂ ಬದುಕಿದ್ದನ್ನೂ ಸುಣ್ಣ ಹಾಕಿ ಹೂತ. ಬಾಲರಾಜು ಮೈ ಸರಿಯಿಲ್ಲವೆಂದು ಒಳಗೆ ಮಲಗಿದ್ದ. ಸಂಜೆ ಅಂಬುಜಮ್ಮ ಊಟಕ್ಕೆ ಕರೆದಾಗ ನಿಯಾಜ್, "ಹಸಿವಿಲ್ಲ ಅಮ್ಮ" ಎಂದು ಕೈಕಾಲು ತೊಳೆದುಕೊಂಡು ಹೊರಟುಹೋದನಂತೆ. ಮತ್ತೆ ಬರಲಿಲ್ಲ.

ಕೋಪದಲ್ಲವ್ನೆ, ಹಬ್ಬಕ್ಕೆ ಸರಿಹೋಗ್ತಾನೆ ಎಂದು ಬಾಲರಾಜು ತನಗೆ ತಾನೇ ಹೇಳಿಕೊಂಡ. ಹಬ್ಬ ಬಂತು, ಹೋಯಿತು. ಹೊಟ್ಟೆಪಾಡಿಗೆ ಅವನು ಮತ್ತೆ ಬಿಡದಿಯ ರೈಲು ಹತ್ತಿದ. ಕಂಬಿ ಹಿಡಿದು ನಿಂತವನಿಗೆ ಪಕ್ಕದಲ್ಲಿ ನಿಂತವರ ಮೈ ತಾಗಿದರೆ ಥಟ್ಟನೆ ತಿರುಗಿ ನೋಡುವ ಅಭ್ಯಾಸವಾಯಿತು. ದಿನದಲ್ಲಿ ಏನಾದರೂ ನಗುವಂಥದ್ದು ನಡೆದರೆ ಅದನ್ನು ನಿಯಾಜನಿಗೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುವನು. ಸಂಜೆಗೆ ಆ ಮಾತು ಬಾಯಲ್ಲೇ ಉಳಿಯುತ್ತಿತ್ತು. ಶ್ವೇತಳಿಗೆ ಹೇಳಿದರೆ ಅವಳು ನಗುತ್ತಿದ್ದಳು, ಆದರೆ ನಗಬೇಕಾದ ಕಡೆ ಅಲ್ಲ.

ಮಾರನೇ ವರ್ಷ ಏಪ್ರಿಲ್‌ನಲ್ಲಿ ರಾಮನಗರದ ಮೀನುಗಾರಿಕೆ ಕಚೇರಿಯಿಂದ ಬುಲಾವ್ ಬಂತು. ಅಲ್ಲಿದ್ದ ಎಳೆಯ ಅಧಿಕಾರಿಯೊಬ್ಬರು ಕಾಗದವೊಂದನ್ನು ಮುಂದಿಟ್ಟರು. ನಿಯಾಜ್ ಹೋಗುವ ಮೊದಲು ಕೊಳದ ಮಾಲೀಕನೆಂದು ಬಾಲರಾಜುವಿನ ಹೆಸರು ಬರೆದು ಮೂರು ಸೀಸೆಗಳನ್ನು ಕರಾವಳಿಯ ಪ್ರಯೋಗಾಲಯಕ್ಕೆ ಕಳಿಸಿದ್ದ. ಫಲಿತಾಂಶ ಈಗ ಬಂದಿತ್ತು.

"ಒಂದರಲ್ಲಿ ಸತ್ತ ಮರಿ. ವೈರಸ್ ಸಿಕ್ಕಿದೆ," ಅವರು ಓದುತ್ತ ಹೋದರು. "ಇನ್ನೊಂದರಲ್ಲಿ ಕೊಳಕ್ಕೆ ಬಿಡೋ ಮೊದಲೇ ತೆಗೆದಿಟ್ಟ ಮರಿ. ಅದರಲ್ಲಿ ವೈರಸ್ ಇಲ್ಲ, ಶುದ್ಧವಾಗಿವೆ. ಮೂರನೇದರಲ್ಲಿ ಎರಡು ದೊಡ್ಡ ಸಿಗಡಿ, ನೋಡಕ್ಕೆ ಯಾವ ರೋಗವೂ ಇಲ್ಲ. ಆದರೆ ವೈರಸ್ ಇದೆ." ಕಾಗದ ಮಡಿಸಿ ಅವನತ್ತ ತಳ್ಳಿದರು. "ಕಾಯಿಲೆ ಮರಿ ಜೊತೆ ಬಂದದ್ದಲ್ಲ, ನಿಮ್ಮ ಕೊಳದಲ್ಲೇ ಇತ್ತು. ದೊಡ್ಡವಕ್ಕೆ ಏನೂ ಆಗಲ್ಲ. ಮೈಯೊಳಗೆ ಇಟ್ಕೊಂಡು ಚೆನ್ನಾಗೇ ಓಡಾಡ್ಕೊಂಡಿರ್ತವೆ. ಅದೇ ನೀರಿಗೆ ಮರಿ ಬಿಟ್ರೆ ಮುಗೀತು. ಹಳೇವನ್ನ ಯಾಕೆ ಉಳಿಸ್ಕೊಂಡ್ರಿ?"

ಬಾಲರಾಜು ಕಾಗದ ಜೇಬಿಗಿಟ್ಟುಕೊಂಡ. ಹೊರಗೆ ಬಂದು ಬಸ್ ಸ್ಟಾಂಡಿನ ಕಲ್ಲುಬೆಂಚಿನ ಮೇಲೆ ಕೂತ. ಚನ್ನಪಟ್ಟಣದ ಬಸ್ಸುಗಳು ನಾಲ್ಕು ಹೋದವು. ಅವನು ಐದನೆಯದಕ್ಕೆ ಹತ್ತಿದ.

ಖುರ್ಷಿದಾ ಕಾಗದವನ್ನು ಓದಬಲ್ಲವಳಲ್ಲ. ಅವನ ಮುಖ ನೋಡಿ ಮಣಿಗಳ ತಟ್ಟೆ ಪಕ್ಕಕ್ಕಿಟ್ಟಳು. ಬಾಲರಾಜು ಎಲ್ಲವನ್ನೂ ಹೇಳಿದ. ಬಲೆಯ ಗೂಡಿನ ವಿಷಯ ಹೇಳಿದ, ಆವತ್ತು ತಾನು ಆಡಿದ ಮಾತನ್ನೂ ಹೇಳಿದ. ಆ ಮಾತು ಆಕೆಗೆ ಗೊತ್ತಿರಲಿಲ್ಲ ಎಂಬುದು ಹೇಳುವಾಗ ಅವನಿಗೆ ತಿಳಿಯಿತು. ನಿಯಾಜ್ ಹತ್ತು ತಿಂಗಳಾದರೂ ತಾಯಿಗೆ ಅದನ್ನು ಹೇಳಿರಲಿಲ್ಲ.

"ನನಗೆ ಹೇಳಿದ್ದು ಬ್ಯಾರೆ. ಇಲ್ಲಿ ಕೆಲಸ ಇಲ್ಲ ಅಮ್ಮಿ ಅಂದ," ಎಂದಳು. ಆಮೇಲೆ ಒಳಗೆ ಹೋಗಿ ಹಳೇ ಕ್ಯಾಲೆಂಡರಿನ ಹಿಂದೆ ಬರೆದಿದ್ದ ವಿಳಾಸವನ್ನು ಹರಿದು ತಂದುಕೊಟ್ಟಳು.

ಮೇ ತಿಂಗಳಲ್ಲಿ ಬಾಲರಾಜು ಮೊದಲ ಸಲ ಸಮುದ್ರದ ಕಡೆ ಹೋದ. ಕುಮಟಾದಲ್ಲಿ ಇಳಿದು ಇನ್ನೊಂದು ಬಸ್ಸಿನಲ್ಲಿ ಹೊಳೆಯ ಬಾಯಿಯ ಊರು ತಲುಪಿದಾಗ ಬಿಸಿಲೇರಿತ್ತು. ಹೊಳೆಯೆಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುವುದು ಎಂದೇ ಅವನು ತಿಳಿದಿದ್ದ. ಇಲ್ಲಿ ನೀರು ಎತ್ತ ಹೋಗುತ್ತಿದೆಯೆಂದೇ ಗೊತ್ತಾಗಲಿಲ್ಲ. ಇಳಿತದ ಹೊತ್ತು. ದೂರದವರೆಗೆ ಕೆಸರು ಹೊಳೆಯುತ್ತಿತ್ತು. ಹೆಂಗಸರು ಮೊಣಕಾಲುದ್ದ ನೀರಲ್ಲಿ ಬಗ್ಗಿ ಬಳಚು ಎಂಬ ಸಣ್ಣ ಚಿಪ್ಪುಗಳನ್ನು ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದರು. ಬಂಡೆಗಳ ಮೇಲೆ ಒರಟು ಚಿಪ್ಪುಗಳು ಗಾಯದ ಹೆಕ್ಕಳದಂತೆ ಒತ್ತೊತ್ತಾಗಿ ಹತ್ತಿಕೊಂಡಿದ್ದವು. ಅವುಗಳ ನಡುವೆ ಗಮ್‌ಬೂಟು ಹಾಕಿದ ಒಬ್ಬ ಸಣ್ಣ ಸುತ್ತಿಗೆ ಹಿಡಿದು ಕೂತಿದ್ದ. ಬೆನ್ನು ನೋಡಿಯೇ ಬಾಲರಾಜುವಿಗೆ ಗುರುತು ಸಿಕ್ಕಿತು.

ಹೆಸರು ಹಿಡಿದು ಕೂಗಲು ಧೈರ್ಯ ಬರಲಿಲ್ಲ. ಕೆಸರಲ್ಲಿ ಚಪ್ಪಲಿ ಹೂತುಹೋಗಿ, ಅದನ್ನು ಕೀಳಲು ಬಗ್ಗಿದಾಗ ನಿಯಾಜ್ ತಿರುಗಿದ.

"ಚಪ್ಪಲಿ ಅಲ್ಲೇ ಬುಟ್ಟು ಬಾ," ಅಂದ. "ಬಂಡೆ ಹಿಡ್ಕೋಬೇಡ. ಚಿಪ್ಪಿ ಕೈ ಕುಯ್ತದೆ."

ಅಷ್ಟೇ. ನಿನ್ನೆ ಸಂಜೆ ಬಿಟ್ಟು ಹೋದವರಂತೆ ಇಬ್ಬರೂ ಬಂಡೆಯ ಮೇಲೆ ಕೂತರು. ನಿಯಾಜ್ ತೆಳ್ಳಗಾಗಿದ್ದ, ಬಿಸಿಲಿಗೆ ಕರ್ರಗಾಗಿದ್ದ. ಈಗ ಪ್ರಯೋಗಾಲಯದವರ ಕೈಕೆಳಗೆ ಕೆಲಸವಂತೆ. ಸಿಗಡಿ, ಬಳಚು, ಈ ಬಂಡೆಯ ಚಿಪ್ಪಿ, ಎಲ್ಲದರ ಮಾದರಿ ತಿಂಗಳಿಗೊಮ್ಮೆ ಆರಿಸಿ ಕೊಡಬೇಕು. ಒಂದು ಚಿಪ್ಪಿಯನ್ನು ಒಡೆದು ಒಳಗಿನ ಬೂದುಬಣ್ಣದ ಮೃದು ಜೀವವನ್ನು ತೋರಿಸಿದ.

"ಇದು ಕೂತ ಕಡೆಯಿಂದ ಅಲ್ಲಾಡಲ್ಲ. ನೀರು ಕುಡ್ದು ಕುಡ್ದು ಸೋಸ್ತದೆ. ನೀರಲ್ಲಿ ಏನೈತೋ ಅದೆಲ್ಲ ಇದರ ಹೊಟ್ಟೇಲಿ. ಹೊರದೇಶದಲ್ಲಿ ಇವಕ್ಕೂ ವೈರಸ್ ಬಿದ್ದು, ಮರಿಯೆಲ್ಲ ಸತ್ತು ಬರೀ ಚಿಪ್ಪು ಉಳ್ದಿತ್ತಂತೆ. ಇಲ್ಲಿ ಇನ್ನೂ ಇಲ್ಲ. ಬರದೇ ಇರ್ಲಿ ಅಂತ ನೋಡ್ತಾ ಇರದು."

ಬಾಲರಾಜು ಜೇಬಿನಿಂದ ಕಾಗದ ತೆಗೆದ. ನಿಯಾಜ್ ಅದನ್ನು ಮುಟ್ಟಲಿಲ್ಲ.

"ನಿಂಗೆ ಅವತ್ತೇ ಗೊತ್ತಿತ್ತು," ಬಾಲರಾಜು ಅಂದ.

"ಗೂಡು ನೋಡ್ದಾಗ್ಲೇ ಗೊತ್ತಾಯ್ತು."

"ಯಾಕ್ ಹೇಳ್ಲಿಲ್ಲ?"

"ಹೇಳಣಾ ಅಂತಲೇ ಹಗ್ಗ ಎಳೀತಿದ್ದೆ ಬಾಲೂ. ಅಷ್ಟರಲ್ಲಿ ನೀನು ಆ ಮಾತಾಡ್ದೆ. ಆಮೇಲೆ ನಾನೇನ್ ತೋರ್ಸಿದ್ರೂ, ಸಾಬಿ ತಪ್ಪಿಸ್ಕಳಕ್ಕೆ ನೋಡ್ತಾವ್ನೆ ಅಂತಿದ್ರು. ನಿನ್ ಮ್ಯಾಲೂ ಜನ ತಿರುಗಿ ಬೀಳ್ತಿದ್ರು. ಇಬ್ರೂ ಹಾಳಾಗದ್ಯಾಕೆ ಅನ್ನಿಸ್ತು."

"ಮತ್ತೆ ಸೀಸೆ ಯಾಕ್ ಕಳಿಸ್ದೆ?"

ನಿಯಾಜ್ ಸುತ್ತಿಗೆಯನ್ನು ನೀರಲ್ಲಿ ಅದ್ದಿ ತೊಳೆದ. "ಊರಿಗೆ ಗೊತ್ತಾಗ್ಲಿ ಅಂತಲ್ಲ. ನಿಂಗೊಬ್ಬಂಗೆ ಗೊತ್ತಾಗ್ಲಿ ಅಂತ."

ಬಾಲರಾಜು ದಾರಿಯುದ್ದಕ್ಕೂ ಕಲಿತುಕೊಂಡು ಬಂದಿದ್ದ ಮಾತುಗಳು ಯಾವುವೂ ಬಾಯಿಗೆ ಬರಲಿಲ್ಲ. "ತಪ್ಪಾಯ್ತು ಕಣ್ಲಾ" ಅಂದ. ನಿಯಾಜ್ ಪಕ್ಕಕ್ಕೆ ಸರಿದು ಕೂತು ಅವನ ಹೆಗಲಿಗೆ ಹೆಗಲು ತಾಗಿಸಿದ. ಅಷ್ಟರಲ್ಲಿ ನೀರು ಏರತೊಡಗಿತ್ತು. ಕೆಸರಿನ ಮೇಲೆ ಸದ್ದಿಲ್ಲದೆ ಹರಡುತ್ತ ಬಂದು ಬಂಡೆಯ ಬುಡ ಮುಟ್ಟಿತು. ಹೆಂಗಸರು ಬುಟ್ಟಿ ಹೊತ್ತು ದಡಕ್ಕೆ ಹೊರಟರು.

"ವಾಪಸ್ ಬಾ," ಬಾಲರಾಜು ಅಂದ. "ಊರಲ್ಲಿ ಎಲ್ಲಾರ ಮುಂದೂ ನಾನೇ ಹೇಳ್ತೀನಿ."

"ನೀನು ಹೇಳು. ಅದು ನಿನ್ ಕೆಲ್ಸ. ನಾನ್ ಬರದು ಬ್ಯಾರೆ ಮಾತು." ಸುತ್ತಿಗೆ ಒರೆಸುತ್ತ, "ಅವತ್ತು ನೀನ್ ಹೆದ್ರಿದ್ದೆ, ಅದು ನಂಗೆ ಗೊತ್ತು. ಆದ್ರೆ ಹೆದರಿಕೆ ಬಂದಾಗ ನಿನ್ ಕೈಗೆ ಅದೇ ಮಾತು ಸಿಕ್ತಲ್ಲ, ಅದು ಎಲ್ಲಿತ್ತು ಅಂತ ಯೋಚ್ನೆ ಮಾಡ್ತಿರ್ತೀನಿ" ಅಂದ.

ಮಧ್ಯಾಹ್ನ ಚಾಚಾನ ಮನೆಯಲ್ಲಿ ಬಳಚಿನ ಸಾರು, ಕುಸಲಕ್ಕಿ ಅನ್ನ ಉಂಡರು. ನಿಯಾಜ್ ತಾಯಿಯ ಮೊಣಕಾಲು ನೋವಿನ ಬಗ್ಗೆ ಕೇಳಿದ, ಅಂಬುಜಮ್ಮನ ಕಣ್ಣಿನ ಆಪರೇಷನ್ ಬಗ್ಗೆ ಕೇಳಿದ. ಕೊಳದ ಬಗ್ಗೆ ಕೇಳಲಿಲ್ಲ. ಸಂಜೆ ಬಸ್ಸಿಗೆ ಬಿಡಲು ಬಂದು, ಕಿಟಕಿಯ ಕಂಬಿ ಹಿಡಿದು ನಿಂತ. ಬಸ್ಸು ಹೊರಟ ಮೇಲೂ ನಾಲ್ಕು ಹೆಜ್ಜೆ ಜೊತೆಗೆ ನಡೆದ.

ಊರಿಗೆ ಬಂದ ಮರುದಿನವೇ ಬಾಲರಾಜು ಹಾಲಿನ ಡೈರಿಯ ಮುಂದೆ, ಬೆಳಗಿನ ಹಾಲು ಹಾಕಲು ನಿಂತವರೆಲ್ಲರ ಎದುರು, ದೊಡ್ಡಪ್ಪನ ಮುಂದೆ ನಿಂತ. "ದೊಡ್ಡಪ್ಪ, ನಿನ್ ಕೊಳಕ್ಕೆ ಕಾಯಿಲೆ ಹತ್ತಿಸಿದ್ದು ನಿಯಾಜ್ ತಂದ ಮರಿಯಲ್ಲ. ನಾನು ಕದ್ದು ಇಟ್ಕಂಡಿದ್ದ ಹಳೇ ಸಿಗಡಿ. ಅವನ ಮ್ಯಾಲೆ ಹಾಕಿ ನಾನು ತಪ್ಪಿಸ್ಕಂಡೆ."

ಸಿದ್ದಯ್ಯ ಹಾಲಿನ ಕ್ಯಾನು ಕೆಳಗಿಟ್ಟು ಅವನನ್ನೇ ನೋಡಿದ. ಆಮೇಲೆ ಕ್ಯಾನು ಎತ್ತಿಕೊಂಡು ಹೋದ. ಒಂದು ತಿಂಗಳು ಮಾತು ಬಿಟ್ಟ. ಆಮೇಲೊಂದು ಸಂಜೆ ಬೇಲಿಯಾಚೆ ನಿಂತು ಕೇಳಿದ:

"ಆ ಹುಡುಗ ಬತ್ತಾನಾ?"

"ಗೊತ್ತಿಲ್ಲ ದೊಡ್ಡಪ್ಪ."

"ಬಂದ್ರೆ ನಮ್ ಮನೆಗೂ ಒಂದ್ಸಲ ಬರಕ್ಕೇಳು. ನಾನೂ ಅಲ್ಲೇ ನಿಂತಿದ್ದೆ. ನಿನ್ ಮಾತ ಕೇಳ್ಕಂಡು ಸುಮ್ಕಿದ್ದೆ."

ಇದನ್ನು ಹೇಳಬೇಕೆಂದೇ ಬಾಲರಾಜು ಖುರ್ಷಿದಾಳ ಮನೆಯಿಂದ ಫೋನ್ ಮಾಡಿಸಿದ. ನಿಯಾಜ್ ಎಲ್ಲ ಕೇಳಿದ. ಆಚೆ ಕಡೆ ಮಳೆಯ ಸದ್ದು ಬರುತ್ತಿತ್ತು.

"ಸರಿ ಬುಡು," ಅಂದ ಕೊನೆಗೆ.

"ಬತ್ತೀಯಾ?"

"ಮಳೆ ನಿಂತ ಮ್ಯಾಲೆ ನೋಡಣ."

ಆ ವರ್ಷ ಮಳೆ ನಿಲ್ಲಲಿಲ್ಲ. ದಸರಾ ದಾಟಿತು, ದೀಪಾವಳಿಗೂ ಸುರಿಯಿತು. ಕೆರೆಗಳು ಕೋಡಿ ಬಿದ್ದವು. ಇಟ್ಟಿಗೆ ಗೂಡುಗಳು ಕರಗಿದವು. ಬಿಡದಿಯ ರೈಲು ಎರಡು ದಿನ ಬರಲಿಲ್ಲ. ರಾಗಿ ಹೊಲದಲ್ಲೇ ಮೊಳೆಯುತ್ತದೆಂದು ಊರೆಲ್ಲ ಆಕಾಶಕ್ಕೆ ಬೈಯುತ್ತಿದ್ದಾಗ ಬಾಲರಾಜು ಒಬ್ಬ ಬೈಯಲಿಲ್ಲ. ಮಳೆ ಇರುವವರೆಗೂ ನಿಯಾಜ್ ಬಾರದಿರುವುದಕ್ಕೆ ಮಳೆ ಕಾರಣವಾಗಿತ್ತು. ಹೆಂಚಿನ ಮೇಲಿನ ಸದ್ದು ಕೇಳುತ್ತ ಮಲಗಿದರೆ ಒಂದು ಬಗೆಯ ನೆಮ್ಮದಿ.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಕಣ್ಣು ಬಿಟ್ಟಾಗ ಸದ್ದಿರಲಿಲ್ಲ. ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ಅಂಬುಜಮ್ಮ ನೆನೆದ ಸೌದೆಗಳನ್ನು ಹರಡುತ್ತಿದ್ದಳು. "ಹೊಳವಾಯ್ತು ಕಣ್ಲಾ ಮಗ" ಅಂದಳು.

ಬಾಲರಾಜು ಕೆಲಸಕ್ಕೆ ಹೋಗಲಿಲ್ಲ. ಚೀಲವೂ ಇಲ್ಲದೆ, ನೆವವೂ ಇಲ್ಲದೆ ಸೈಕಲ್ ಹತ್ತಿ ಚನ್ನಪಟ್ಟಣಕ್ಕೆ ಹೋದ. ಗೊಂಬೆಯವರ ಬೀದಿಯಲ್ಲಿ ಎಲ್ಲರೂ ಮರದ ತುಂಡುಗಳನ್ನು ಬಿಸಿಲಿಗೆ ಹಾಕಿದ್ದರು. ಖುರ್ಷಿದಾ ಗೋಡೆಯ ಮೇಲೆ ಕಂಬಳಿ ಒಣಗಿಸುತ್ತಿದ್ದಳು. ಅವನ ಬರಿಗೈ ನೋಡಿದಳು, ಮುಖ ನೋಡಿದಳು. ಅವನು ಈ ಸಲ ಫೋನಿನ ಬಗ್ಗೆ ಕೇಳಲಿಲ್ಲ. ಒಳಗಿಂದ ಎರಡು ಮಣೆ ತಂದು ಬಾಗಿಲ ಮುಂದೆ, ಬಸ್ ಸ್ಟಾಂಡಿನಿಂದ ಬರುವ ದಾರಿ ಕಾಣುವ ಹಾಗೆ ಹಾಕಿದಳು. ಇಬ್ಬರೂ ಕೂತರು.